ದವಡೆ ಕೀಲಿನ ನೋವನ್ನು ಹೆಚ್ಚಿಸುವ ದಿನನಿತ್ಯದ ಅಭ್ಯಾಸಗಳು ಯಾವುವು?

ಆಕಳಿಸುವಾಗ ಕಿವಿಯ ಮುಂದೆ 'ಲಟಕ್' ಎನ್ನುವ ಸದ್ದು, ಬೆಳಿಗ್ಗೆ ಏಳುವಾಗ ಬಿಗಿದ ಕೆನ್ನೆ, ಚಪಾತಿ ಅಗಿಯುವಾಗ ನೋವು. ಇದನ್ನು ಕಿವಿನೋವು ಎಂದುಕೊಂಡು ಕಿವಿಗೆ ಎಣ್ಣೆ ಬಿಡುವವರಿದ್ದಾರೆ, ಹಲ್ಲುನೋವು ಎಂದುಕೊಂಡು ಹಲ್ಲು ಕೀಳಿಸಲು ಹೊರಡುವವರೂ ಇದ್ದಾರೆ. ತೊಂದರೆ ಇರುವುದು ದವಡೆಯ ಕೀಲಿನಲ್ಲಾದರೆ ಇವೆರಡರಿಂದಲೂ ಉಪಯೋಗವಿಲ್ಲ. ಈ ನೋವನ್ನು ಹೆಚ್ಚಿಸುವ ಅಭ್ಯಾಸಗಳು ಯಾವುವು, ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ದವಡೆ ಕೀಲು ಹೇಗೆ ಕೆಲಸ ಮಾಡುತ್ತದೆ?

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಬೆರಳಿನಡಿ ಅಲುಗಾಡುವುದೇ ದವಡೆ ಕೀಲು. ವೈದ್ಯರು ಇದನ್ನು ಟಿಎಂಜೆ ಎನ್ನುತ್ತಾರೆ. ಇದು ಬಾಗಿಲಿನ ಕೀಲಿನಂತೆ ತಿರುಗುವುದಷ್ಟೇ ಅಲ್ಲ, ಮುಂದಕ್ಕೆ ಜಾರುತ್ತದೆ ಕೂಡ. ಎರಡು ಮೂಳೆಗಳ ನಡುವೆ ಮೆತ್ತೆಯಂಥ ಒಂದು ಬಿಲ್ಲೆ ಇರುತ್ತದೆ. ಬಾಯಿ ತೆರೆಯುವಾಗ ಆ ಬಿಲ್ಲೆ ಸ್ಥಾನ ಬದಲಿಸಿದರೆ ಸದ್ದು ಬರಬಹುದು. ನೋವಿಲ್ಲದೆ ಬರೀ ಸದ್ದು ಬರುವುದು ಬಹಳ ಜನರಲ್ಲಿ ಸಾಮಾನ್ಯ. ಅದಕ್ಕೆ ಚಿಕಿತ್ಸೆ ಬೇಕಾಗಿಲ್ಲ.

ನೋವು ಹೆಚ್ಚಿಸುವ ಅಭ್ಯಾಸಗಳು

ಹಲ್ಲು ಬಿಗಿಹಿಡಿಯುವುದು: ಊಟ ಮಾಡುವಾಗ ಮತ್ತು ನುಂಗುವಾಗ ಬಿಟ್ಟರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಬೇಕಿಲ್ಲ. ಕಂಪ್ಯೂಟರ್ ಮುಂದೆ ಕುಳಿತಾಗ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ, ಭಾರ ಎತ್ತುವಾಗ ನಾವು ಗೊತ್ತಿಲ್ಲದೆಯೇ ಹಲ್ಲು ಬಿಗಿಹಿಡಿಯುತ್ತೇವೆ. ಗಂಟೆಗಟ್ಟಲೆ ಹೀಗೆ ಮಾಡಿದರೆ ಕೆನ್ನೆ ಮತ್ತು ಕಣತಲೆಯ ಸ್ನಾಯುಗಳು ದಣಿಯುತ್ತವೆ. ಸಂಜೆಯ ತಲೆನೋವಿಗೂ ಇದು ಕಾರಣವಾಗಬಹುದು.

ನಿದ್ದೆಯಲ್ಲಿ ಹಲ್ಲು ಕಡಿಯುವುದು: ಹೊಟ್ಟೆಯಲ್ಲಿ ಹುಳು ಇದ್ದರೆ ಹಲ್ಲು ಕಡಿಯುತ್ತಾರೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಇದಕ್ಕೆ ದೃಢವಾದ ಪುರಾವೆಯಿಲ್ಲ. ಮಾನಸಿಕ ಒತ್ತಡ, ಧೂಮಪಾನ, ಮದ್ಯ, ಅತಿಯಾದ ಕಾಫಿ ಮತ್ತು ಕೆಲವು ಖಿನ್ನತೆ ನಿವಾರಕ ಔಷಧಗಳಿಗೆ ಇದರೊಂದಿಗೆ ನಂಟಿದೆ. ಹಾಗೆಂದು ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ಸದಾ ಏನಾದರೂ ಜಗಿಯುವುದು: ಚೂಯಿಂಗ್ ಗಮ್, ಅಡಿಕೆ, ಗುಟ್ಕಾ ದವಡೆಗೆ ಬಿಡುವು ಕೊಡುವುದಿಲ್ಲ. ಅಡಿಕೆ, ಗುಟ್ಕಾದಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಬಾಯಿಯ ಒಳಪದರ ಗಡುಸಾಗಿ ಬಾಯಿ ತೆರೆಯುವುದೇ ಕಷ್ಟವಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಬರಬಹುದು, ಅದು ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು. ಅಡಿಕೆ ಹಾಕುವವರು ಬಾಯಿ ಬಿಗಿಯುವುದನ್ನು ಬರೀ ಕೀಲುನೋವು ಎಂದುಕೊಂಡು ಸುಮ್ಮನಿರಬಾರದು.

ಗಟ್ಟಿ ತಿನಿಸು, ಹಲ್ಲಿನ ದುರ್ಬಳಕೆ: ನೋವಿದ್ದಾಗ ಗಟ್ಟಿ ಚಕ್ಕುಲಿ, ನಿಪ್ಪಟ್ಟು, ಕಬ್ಬು ದೂರವಿಡಿ. ಬಾಟಲಿ ಮುಚ್ಚಳ ತೆಗೆಯುವುದು, ಉಗುರು ಅಥವಾ ಪೆನ್ನು ಕಚ್ಚುವುದು ಕೂಡ ಬೇಡ.

ಕೂರುವ, ಮಲಗುವ ಭಂಗಿ: ಗಲ್ಲಕ್ಕೆ ಕೈಯೂರಿ ಕೂರುವುದು, ಭುಜ ಮತ್ತು ಕಿವಿಯ ನಡುವೆ ಫೋನ್ ಸಿಕ್ಕಿಸಿಕೊಳ್ಳುವುದು, ಬೋರಲು ಮಲಗುವುದು ದವಡೆ ಮತ್ತು ಕುತ್ತಿಗೆಯ ಮೇಲೆ ಒತ್ತಡ ಹಾಕುತ್ತವೆ.

'ಜಾಲೈನ್' ವ್ಯಾಯಾಮ: ಮುಖದ ಆಕಾರ ಚೂಪಾಗಲಿ ಎಂದು ಗಟ್ಟಿ ರಬ್ಬರ್ ಉಂಡೆ ಜಗಿಯುವ ವಿಡಿಯೋಗಳು ಹರಿದಾಡುತ್ತಿವೆ. ಇದರಿಂದ ಮೂಳೆಯ ಆಕಾರ ಬದಲಾಗುವುದಿಲ್ಲ. ಈಗಾಗಲೇ ನೋವಿರುವವರಿಗೆ ಅದು ಹೆಚ್ಚಾಗಬಹುದು.

ಮನೆಯಲ್ಲಿ ಏನು ಮಾಡಬಹುದು?

'ತುಟಿ ಸೇರಿರಲಿ, ಹಲ್ಲು ಬಿಟ್ಟಿರಲಿ' ಎಂಬುದನ್ನು ದಿನದಲ್ಲಿ ಆಗಾಗ ನೆನಪಿಸಿಕೊಳ್ಳಿ. ಕೆಲವು ದಿನ ಇಡ್ಲಿ, ಗಂಜಿ, ಮೆತ್ತಗಿನ ಅನ್ನದಂಥ ಊಟ ಮಾಡಿ. ಅಗಿಯದೆ ನುಂಗುವ ರಾಗಿ ಮುದ್ದೆ ದವಡೆಗೆ ಒಳ್ಳೆಯ ವಿಶ್ರಾಂತಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ 10–15 ನಿಮಿಷ ಕೆನ್ನೆಗೆ ಶಾಖ ಕೊಡಿ. ಆಕಳಿಕೆ ಬಂದಾಗ ಗಲ್ಲದ ಕೆಳಗೆ ಕೈ ಹಿಡಿಯಿರಿ.

ಹೆಚ್ಚಿನವರಿಗೆ ಇಂಥ ಸರಳ ಕ್ರಮಗಳಿಂದಲೇ ನೋವು ಕಡಿಮೆಯಾಗುತ್ತದೆ. 2023ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಮಾರ್ಗಸೂಚಿಯೂ ದೀರ್ಘಕಾಲದ ದವಡೆ ನೋವಿಗೆ ವ್ಯಾಯಾಮ, ಕೈಯಿಂದ ಮಾಡುವ ಫಿಸಿಯೋಥೆರಪಿ ಮತ್ತು ವರ್ತನಾ ಚಿಕಿತ್ಸೆಗೆ ಆದ್ಯತೆ ಕೊಟ್ಟಿದೆ. ಹಾಗಾಗಿ ಹಲ್ಲು ತೇಯಿಸಿ ಕಚ್ಚು ಸರಿಪಡಿಸುವಂಥ, ಹಿಂದಿರುಗಿಸಲಾಗದ ಚಿಕಿತ್ಸೆಗೆ ಒಪ್ಪುವ ಮೊದಲು ಎರಡನೇ ಅಭಿಪ್ರಾಯ ಪಡೆಯಿರಿ.

ಯಾವಾಗ ವೈದ್ಯರನ್ನು ಕಾಣಬೇಕು?

ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಡಲು ಪ್ರಯತ್ನಿಸಿ. ಅಷ್ಟು ಬಾಯಿ ತೆರೆಯದಿದ್ದರೆ, ಎರಡು ಮೂರು ವಾರ ಕಳೆದರೂ ನೋವು ಇಳಿಯದಿದ್ದರೆ, ಕೆನ್ನೆ ಊದಿಕೊಂಡು ಜ್ವರ ಬಂದರೆ ದಂತವೈದ್ಯರನ್ನು ಕಾಣಿ. ತೆರೆದ ಬಾಯಿ ಮುಚ್ಚಲಾಗದಿದ್ದರೆ ಬಲವಂತ ಮಾಡದೆ ಆಸ್ಪತ್ರೆಗೆ ಹೋಗಿ. 50 ದಾಟಿದವರಿಗೆ ಅಗಿಯುವಾಗ ದವಡೆ ನೋವಿನ ಜೊತೆ ಹೊಸದಾಗಿ ತಲೆನೋವು ಅಥವಾ ದೃಷ್ಟಿ ಮಂಜಾದರೆ ಅಂದೇ ವೈದ್ಯರನ್ನು ಕಾಣಬೇಕು, ತಡಮಾಡಿದರೆ ದೃಷ್ಟಿಯೇ ಹೋಗಬಹುದು.

ದವಡೆ ನೋವು ಹೃದಯಾಘಾತದ ಲಕ್ಷಣವೂ ಆಗಬಹುದು ಎಂಬುದನ್ನು ಮರೆಯಬೇಡಿ. ನೋವಿನ ಜೊತೆ ಎದೆ ಬಿಗಿತ, ಉಸಿರಾಟದ ತೊಂದರೆ, ಬೆವರು ಕಾಣಿಸಿಕೊಂಡರೆ ಅಥವಾ ಮೆಟ್ಟಿಲು ಹತ್ತಿದಾಗ ನೋವು ಬಂದು ಕುಳಿತಾಗ ಹೋದರೆ ಅದು ಕೀಲಿನ ನೋವಲ್ಲದಿರಬಹುದು. ಲಕ್ಷಣಗಳು ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಕಾಯದೆ 108ಕ್ಕೆ ಕರೆ ಮಾಡಿ.