ಊರಿಲ್ಲದವರ ಊರು: ಕೋಲಾರ ಚಿನ್ನದ ಗಣಿ ಮತ್ತು ತಲೆ ಎಣಿಕೆಯ ರಾಜಕಾರಣ

1

ತರಗತಿಯ ಮೊದಲ ದಿನ 'ನಿಮ್ಮೂರು ಯಾವುದಪ್ಪಾ?' ಎಂದು ಕೇಳುವುದು ಮೇಷ್ಟ್ರುಗಳ ಹಳೇ ಚಾಳಿ. ಹಾಗೆ ಕೇಳಿದಾಗ ಒಬ್ಬ ಹುಡುಗ ಎದ್ದು ನಿಂತು, 'ಊರು ಅಂತ ಇಲ್ಲ ಸಾರ್. ಚಾಂಪಿಯನ್ ರೀಫ್‌ನಲ್ಲಿ ಲೈನ್ ಮನೆ. ತಾತ ಮೈನ್ಸ್‌ನಲ್ಲಿದ್ರು' ಎಂದ. ತರಗತಿ ನಕ್ಕಿತು. ಅವರಿಗೆ ಗೊತ್ತಿದ್ದ ಕೆಜಿಎಫ್ ಸಿನಿಮಾದ್ದು. ಆದರೆ ಹುಡುಗ ತಮಾಷೆಗೆ ಹೇಳಿರಲಿಲ್ಲ. ನಾಲ್ಕು ತಲೆಮಾರು ಒಂದೇ ಜಾಗದಲ್ಲಿ ಹುಟ್ಟಿ ಸತ್ತ ಮನೆತನದವನು ಅದನ್ನು ಊರು ಎಂದು ಕರೆಯಲು ಯಾಕೆ ಹಿಂಜರಿಯುತ್ತಾನೆ? ಈ ಲೇಖನ ಆ ಹಿಂಜರಿಕೆಯಿಂದ ಹುಟ್ಟಿದ್ದು.

ಸಣ್ಣ ಪಟ್ಟಣಗಳು ಖಾಲಿಯಾಗುತ್ತಿವೆ, ಅವುಗಳಿಗೆ ಭವಿಷ್ಯವಿಲ್ಲ ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತದೆ. ಈ ಮಾತನ್ನು ಆಡುವವರು ಸಾಮಾನ್ಯವಾಗಿ ಜನಗಣತಿಯ ಅಂಕಿಗಳನ್ನು ಮುಂದಿಡುತ್ತಾರೆ. ಆ ಅಂಕಿಗಳಿಂದಲೇ ಶುರು ಮಾಡೋಣ. 1951ರಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶದ ಜನಸಂಖ್ಯೆ ಸುಮಾರು 1 ಲಕ್ಷ 59 ಸಾವಿರ. ಬೆಂಗಳೂರು, ಮೈಸೂರು ಬಿಟ್ಟರೆ ಹಳೇ ಮೈಸೂರಿನ ಮೂರನೇ ದೊಡ್ಡ ನಗರ ಅದು. 1961ರ ಗಣತಿಯ ಹೊತ್ತಿಗೆ ಈ ಸಂಖ್ಯೆ ಕೆಳಗಿಳಿದಿತ್ತು. 2011ರಲ್ಲಿ ರಾಬರ್ಟ್‌ಸನ್‌ಪೇಟೆ ನಗರಸಭೆಯ ಜನಸಂಖ್ಯೆ ಸುಮಾರು 1 ಲಕ್ಷ 62 ಸಾವಿರ. ಎರಡು ಗಣತಿಗಳ ಗಡಿಗಳು ಒಂದೇ ಅಲ್ಲವಾದ್ದರಿಂದ ಇದು ಕಚ್ಚಾ ಹೋಲಿಕೆ. ಆದರೂ ಒಂದು ಮಾತು ಸ್ಪಷ್ಟ. ಅರವತ್ತು ವರ್ಷಗಳಲ್ಲಿ ಬೆಂಗಳೂರು ಹತ್ತು ಪಟ್ಟು ಬೆಳೆದರೆ, ನೂರು ಕಿಲೋಮೀಟರ್ ದೂರದ ಈ ನಗರ ನಿಂತಲ್ಲೇ ನಿಂತಿದೆ.

ಇದನ್ನು ನೋಡಿ 'ಜನಸಂಖ್ಯೆ ಕುಸಿದಿಲ್ಲವಲ್ಲ, ಮತ್ಯಾಕೆ ಗೋಳು?' ಎನ್ನಬಹುದು. ಅಲ್ಲೇ ಇರುವುದು ಸಮಸ್ಯೆ. ಜನಗಣತಿ ಎಣಿಸುವುದು ರಾತ್ರಿ ಮಲಗುವ ತಲೆಗಳನ್ನು. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಡುವ ರೈಲಿನಲ್ಲಿ ಬೆಂಗಳೂರಿನ ಕಾರ್ಖಾನೆ, ಆಸ್ಪತ್ರೆ, ಸೆಕ್ಯೂರಿಟಿ ಕೆಲಸ, ಮನೆಗೆಲಸಗಳಿಗೆ ಹೋಗಿ ರಾತ್ರಿ ವಾಪಸಾಗುವವರನ್ನು ಅದು 'ಇದ್ದಾರೆ' ಎಂದೇ ಬರೆದುಕೊಳ್ಳುತ್ತದೆ. ಹಗಲಿನಲ್ಲಿ ಲೈನುಗಳಲ್ಲಿ ಉಳಿಯುವವರು ಹೆಚ್ಚಾಗಿ ಮುದುಕರು, ಮಕ್ಕಳು, ಕೆಲಸ ಸಿಗದವರು. 2021ರಲ್ಲಿ ನಡೆಯಬೇಕಿದ್ದ ಗಣತಿ ಆಗ ನಡೆಯಲೂ ಇಲ್ಲ. ಒಂದು ಪಟ್ಟಣ ತಲೆಗಳ ಲೆಕ್ಕದಲ್ಲಿ ತುಂಬಿಕೊಂಡೇ ಇದ್ದು, ದುಡಿಮೆಯ ಲೆಕ್ಕದಲ್ಲಿ ಬರಿದಾಗಬಹುದು. ಹೀಗೆ ಬರಿದಾದದ್ದಕ್ಕೂ ಜಾತಿಗೂ ಇರುವ ಸಂಬಂಧವನ್ನು ನಮ್ಮ ಚರಿತ್ರೆಕಾರರು ಅಷ್ಟಾಗಿ ಕೇಳಿಲ್ಲ.

2

1875ರಲ್ಲಿ ಲವೆಲ್ ಎಂಬ ನಿವೃತ್ತ ಸೈನಿಕನಿಗೆ ಮೈಸೂರು ಸರ್ಕಾರ ಇಲ್ಲಿ ಅಗೆಯುವ ಪರವಾನಗಿ ಕೊಟ್ಟಿತು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದ ಮೇಲೆ ಗಣಿಗಾರಿಕೆ ದೊಡ್ಡ ಉದ್ಯಮವಾಯಿತು. 1894ರಲ್ಲಿ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಈ 'ಮೊದಲು'ಗಳ ಪಟ್ಟಿ ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಸುರಂಗಕ್ಕೆ ಮೊದಲು ಇಳಿದವರು ಯಾರು ಎಂಬುದು ಅಲ್ಲಿ ಕಾಣುವುದಿಲ್ಲ.

ಕೋಲಾರದ ರೈತಾಪಿ ಜನ ದೊಡ್ಡ ಸಂಖ್ಯೆಯಲ್ಲಿ ಗಣಿಗೆ ಇಳಿಯಲಿಲ್ಲ. ಇಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದ ಅಸ್ಪೃಶ್ಯರು, ಸರ್ಕಾರಿ ಭಾಷೆಯಲ್ಲಿ ಆದಿದ್ರಾವಿಡರು. ಬರಗಾಲ ಅವರನ್ನು ನೂಕಿತು ಎನ್ನುತ್ತಾರೆ. ನಿಜವೇ. ಆದರೆ ಬರಕ್ಕಿಂತ ಮೊದಲು ಜಮೀನ್ದಾರನ ಜೀತವಿತ್ತು, ಚೇರಿಯಿತ್ತು. ನೂಕಿಸಿಕೊಂಡವರು ಎಂದಷ್ಟೇ ಹೇಳಿದರೆ ಅವರು ತಾವಾಗಿಯೇ ಹೊರಟುಬಂದರು ಎಂಬ ಅಂಶ ಬಿಟ್ಟುಹೋಗುತ್ತದೆ. ಅಂಬೇಡ್ಕರ್ 1948ರಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಸಂಕುಚಿತತೆಯ ಕೂಪವೆಂದು ಟೀಕಿಸಿದರು. ಅದಕ್ಕೂ ಅರವತ್ತು ವರ್ಷ ಹಿಂದೆಯೇ ಓದು ಬರಹ ಬಾರದ ಈ ಜನ ಕಾಲ್ನಡಿಗೆಯಲ್ಲಿ ಹಳ್ಳಿಯನ್ನು ಬಿಟ್ಟು ಬಂದಿದ್ದರು.

ಬಂದ ಕಡೆ ಸ್ವರ್ಗವೇನೂ ಇರಲಿಲ್ಲ. ಮೇಲುಗಡೆ ಬಿಳಿಯರ ಬಂಗಲೆ, ಕ್ಲಬ್ಬು; ನಡುವೆ ಆಂಗ್ಲೋ ಇಂಡಿಯನ್ನರು; ಕೆಳಗೆ ಬಿದಿರು ತಟ್ಟಿಯ ಕೂಲಿ ಲೈನುಗಳು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಮುಟ್ಟಿತು. ಅಲ್ಲಿ ಬಂಡೆಯ ಶಾಖ ಅರವತ್ತು ಡಿಗ್ರಿ ದಾಟುತ್ತಿತ್ತು. ಬಂಡೆ ಸಿಡಿದು ಸತ್ತವರು, ಧೂಳು ಕುಡಿದು ಸಿಲಿಕೋಸಿಸ್‌ನಿಂದ ಕೆಮ್ಮಿ ಕೆಮ್ಮಿ ಸತ್ತವರು ಮನೆಮನೆಯಲ್ಲೂ ಇದ್ದಾರೆ. ಸುಮಾರು ನೂರಿಪ್ಪತ್ತು ವರ್ಷದಲ್ಲಿ ಇಲ್ಲಿಂದ ಹೋದ ಚಿನ್ನ ಹತ್ತಿರ ಹತ್ತಿರ 800 ಟನ್. ಅಗೆದವರಿಗೆ ಉಳಿದದ್ದು ಒಂದು ಕೋಣೆಯ ಮನೆ. ಅದೂ ಕಂಪನಿಯದು.

3

ಹಾಗಿದ್ದರೂ ಈ ಜನ ಇಲ್ಲಿ ಒಂದು ಊರನ್ನು ಕಟ್ಟಿದರು. ಚೆನ್ನೈನಲ್ಲಿ ಅಯೋತಿದಾಸ ಪಂಡಿತರು 1898ರಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘದ ಶಾಖೆಗಳು ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಬೇರು ಬಿಟ್ಟವು. 1914ರಲ್ಲಿ ಪಂಡಿತರು ತೀರಿಕೊಂಡ ಮೇಲೆ ಅವರ 'ತಮಿಳನ್' ಪತ್ರಿಕೆಯನ್ನು 1920ರ ದಶಕದಲ್ಲಿ ಅಪ್ಪಾದುರೈಯಾರ್ ಮತ್ತೆ ಹೊರತಂದದ್ದು ಇದೇ ಗಣಿ ಊರಿನಿಂದ. ಪಂಡಿತರ ಪುಸ್ತಕಗಳನ್ನು ಅಚ್ಚು ಹಾಕಿಸಿದ ಸಿದ್ಧಾರ್ಥ ಪುಸ್ತಕಶಾಲೆ ಇದ್ದದ್ದೂ ಇಲ್ಲೇ. 1956ರ ನಾಗಪುರ ದೀಕ್ಷೆಗೆ ಎಷ್ಟೋ ಮುಂಚೆ, ಕರ್ನಾಟಕದ ನೆಲದಲ್ಲಿ, ಗಣಿ ಕೂಲಿಗಳ ನಡುವೆ ಬುದ್ಧನ ಮಾತು ಓದಲಾಗುತ್ತಿತ್ತು.

1930ರಲ್ಲಿ ಕಂಪನಿ ಕೂಲಿಗಳ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಇಡೀ ಗಣಿ ಸುಮಾರು ಮೂರು ವಾರ ನಿಂತುಹೋಯಿತು. ಕೂಲಿ ಹೆಚ್ಚಿಸಿ ಎನ್ನುವುದಕ್ಕಿಂತ ನಮ್ಮನ್ನು ಕಳ್ಳರ ಹಾಗೆ ಕಾಣಬೇಡಿ ಎಂಬುದೇ ಆ ಮುಷ್ಕರದ ಕಿಚ್ಚು. 1946ರ ನವೆಂಬರ್ 4ರಂದು ಪೊಲೀಸರ ಕೈಯಲ್ಲಿ ಆರು ಕಾರ್ಮಿಕರು ಸತ್ತರು. 1954ರಲ್ಲಿ ಅಂಬೇಡ್ಕರ್ ಇಲ್ಲಿಗೆ ಬಂದುಹೋದರು. ರಿಪಬ್ಲಿಕನ್ ಪಕ್ಷದ ಸಿ.ಎಂ. ಆರ್ಮುಗಂ ಇಲ್ಲಿಂದ ಒಂದಕ್ಕಿಂತ ಹೆಚ್ಚು ಸಲ ಶಾಸಕರಾದರು. ಕೆಂಬಾವುಟ ಮತ್ತು ನೀಲಿ ಬಾವುಟ ಒಂದೇ ಲೈನಿನಲ್ಲಿ ಜಗಳವಾಡಿಕೊಂಡು ಬೆಳೆದ ಜಾಗ ಇದು.

ಇಷ್ಟೆಲ್ಲ ಇದ್ದರೂ ಕನ್ನಡದ ದಲಿತ ವಿಮರ್ಶೆಯಲ್ಲಿ ಕೆಜಿಎಫ್ ಯಾಕೆ ಇಲ್ಲ? ಗಣಿ ಕಾರ್ಮಿಕರ ಬಗ್ಗೆ ಗಂಭೀರವಾಗಿ ಬರೆದ ಜಾನಕಿ ನಾಯರ್ ಅವರ 'ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್' 1998ರಲ್ಲಿ ಬಂದದ್ದು ಇಂಗ್ಲಿಷಿನಲ್ಲಿ. ನಾವು ದಲಿತ ಚಳವಳಿಯ ಚರಿತ್ರೆಯನ್ನು 1970ರ ದಶಕದ ಬೂಸಾ ಪ್ರಕರಣದಿಂದ, ದಲಿತ ಸಂಘರ್ಷ ಸಮಿತಿಯಿಂದ ಶುರು ಮಾಡಿ ರೂಢಿ. ಅದು ಸುಳ್ಳಲ್ಲ. ಆದರೆ ಆ ಚರಿತ್ರೆಯ ನಾಯಕ ಕನ್ನಡ ಮಾತಾಡುವ, ಹಳ್ಳಿಯ ಹೊಲಗೇರಿಯಿಂದ ಹಾಸ್ಟೆಲ್ಲಿಗೆ ಬಂದ ಹುಡುಗ. ತಮಿಳು ಮಾತಾಡುವ ಗಣಿ ಕೂಲಿ ನಮಗೆ ಮೊದಲು 'ತಮಿಳ'ನಾಗಿ ಕಂಡ, ಆಮೇಲೆ 'ಕಾರ್ಮಿಕ'ನಾಗಿ ಕಂಡ, ದಲಿತನಾಗಿ ಕಾಣಲೇ ಇಲ್ಲ. ಅತ್ತ ತಮಿಳುನಾಡಿಗೆ ಅವನು ಹೊರನಾಡಿನವನು. ಭಾಷೆಯ ಹೆಸರಿನಲ್ಲಿ ರಾಜ್ಯಗಳು ಬೇರೆಯಾದಾಗ ಜಾತಿಯೂ ಗಡಿಯಲ್ಲಿ ನಿಂತುಹೋಯಿತೇನೋ ಎಂಬಂತೆ ನಾವು ವರ್ತಿಸಿದ್ದೇವೆ. ಈ ದೋಷದಲ್ಲಿ ನನ್ನ ಪಾಲೂ ಇದೆ. ಸ್ನಾತಕೋತ್ತರ ಓದಿನ ಎರಡು ವರ್ಷದಲ್ಲಿ ಅಯೋತಿದಾಸರ ಹೆಸರನ್ನು ನಾನು ಒಮ್ಮೆಯೂ ಬರೆದಿರಲಿಲ್ಲ.

4

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು. 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಅದಿರಿನಲ್ಲಿ ಚಿನ್ನದ ಅಂಶ ಇಳಿಯುತ್ತ, ಆಳ ಹೆಚ್ಚುತ್ತ, ಖರ್ಚು ಏರುತ್ತ ಬಂದು 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಒಂದು ಕಾಲಕ್ಕೆ ಮೂವತ್ತು ಸಾವಿರ ಜನ ದುಡಿದ ಕಡೆ ಆಗ ಉಳಿದಿದ್ದವರು ನಾಲ್ಕು ಸಾವಿರಕ್ಕೂ ಕಡಿಮೆ. ನೀರೆತ್ತುವ ಪಂಪುಗಳು ನಿಂತ ಮೇಲೆ ಸುರಂಗಗಳು ತುಂಬಿಕೊಂಡವು.

ಗಣಿ ಮುಚ್ಚಿದಾಗ 'ಅವರೆಲ್ಲ ತಮ್ಮ ಊರಿಗೆ ಹೋಗ್ತಾರೆ' ಎಂದವರಿದ್ದರು. ಯಾವ ಊರಿಗೆ? ಬೇರೆ ಪಟ್ಟಣಗಳಲ್ಲಿ ಕಾರ್ಖಾನೆ ಮುಚ್ಚಿದರೆ ಒಕ್ಕಲಿಗರ, ರೆಡ್ಡಿಗಳ ಮಕ್ಕಳು ಅಪ್ಪನ ಹೊಲಕ್ಕೆ ಮರಳಬಹುದು. ಹೊಲ ಫಲ ಕೊಡದಿದ್ದರೂ ಪಹಣಿಯಲ್ಲಿ ಹೆಸರಿರುತ್ತದೆ. ಗಣಿಯವನಿಗೆ ಮೂರು ತಲೆಮಾರಿನ ಹಿಂದೆ ಬಿಟ್ಟ ಚೇರಿಯಲ್ಲಿ ಒಂದಡಿ ನೆಲವೂ ಇಲ್ಲ. ಸುತ್ತಲಿನ ಹಳ್ಳಿಗಳಾದರೂ ಹೇಗಿದ್ದವು? ಗಣಿ ಮುಚ್ಚುವುದಕ್ಕೆ ಒಂದು ವರ್ಷ ಮುಂಚೆ, 2000ದ ಮಾರ್ಚ್ 11ರಂದು, ಇದೇ ಕೋಲಾರ ಜಿಲ್ಲೆಯಲ್ಲಿದ್ದ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟುಹಾಕಿದ್ದರು. ಮರಳಿ ಹೋಗಿ ಎನ್ನುವವರು ಯಾವ ಹಳ್ಳಿಗೆ ಎಂದು ಬೆರಳು ಮಾಡಿ ತೋರಿಸಬೇಕಿತ್ತು.

ಆದ್ದರಿಂದ ಅವರು ಉಳಿದರು. ಕೆಲವರಿಗೆ ಬೆಂಗಳೂರಿನ ರೈಲು ಸಿಕ್ಕಿತು. ಕೆಲವರಿಗೆ ಅದೂ ಸಿಗಲಿಲ್ಲ. ಮಲದ ಗುಂಡಿ ಬಳಿಯಲು ಇಳಿದವರು ಕೆಜಿಎಫ್‌ನಲ್ಲಿ ಉಸಿರುಗಟ್ಟಿ ಸತ್ತ ಸುದ್ದಿ 2011ರಲ್ಲಿ ಬಂತು. ತಾತ ಯಾವ ಕಸುಬಿನಿಂದ ತಪ್ಪಿಸಿಕೊಳ್ಳಲು ಗಣಿಗೆ ಇಳಿದಿದ್ದನೋ, ಗಣಿ ಮುಚ್ಚಿದ ಹತ್ತೇ ವರ್ಷದಲ್ಲಿ ಜಾತಿ ಅಂಥದೇ ಕಸುಬಿಗೆ ಮೊಮ್ಮಗನನ್ನು ಎಳೆದುಕೊಂಡಿತು. ಒಂದು ಪಟ್ಟಣದ ಆರ್ಥಿಕತೆ ಕುಸಿಯುವುದು ಎಲ್ಲರಿಗೂ ಒಂದೇ ಥರ ಅಲ್ಲ. ಕೆಲವರು ಬಡವರಾಗುತ್ತಾರೆ. ಕೆಲವರು ಬಡವರಾಗುವುದರ ಜೊತೆಗೆ ಮತ್ತೆ ಅಸ್ಪೃಶ್ಯರಾಗುತ್ತಾರೆ.

5

ಈಗ ಕೆಜಿಎಫ್ ಬಗ್ಗೆ ಎರಡು ಥರದ ಬರಹ ಹೆಚ್ಚಾಗಿವೆ. ಒಂದು, 'ಪುಟ್ಟ ಇಂಗ್ಲೆಂಡ್' ಎಂದು ಬಂಗಲೆ, ಕ್ಲಬ್ಬುಗಳನ್ನು ನೆನೆದು ನಿಟ್ಟುಸಿರಿಡುವುದು. ಆ ಕ್ಲಬ್ಬಿನೊಳಗೆ ಸದಸ್ಯರಾಗಿ ಕಾಲಿಡದವರ ಮಕ್ಕಳು ಈ ನಿಟ್ಟುಸಿರನ್ನು ಯಾಕೆ ಎರವಲು ಪಡೆಯಬೇಕು? ಇನ್ನೊಂದು, 2018 ಮತ್ತು 2022ರ ಸಿನಿಮಾಗಳು ಕೊಟ್ಟ ಕಥೆ. ಅಲ್ಲಿ ಗುಲಾಮ ಜನರನ್ನು ಬಿಡಿಸಲು ಹೊರಗಿನಿಂದ ಒಬ್ಬ ವೀರ ಬರಬೇಕು. 1930ರಲ್ಲಿ ತಾವೇ ಗಣಿ ನಿಲ್ಲಿಸಿದ ಜನರ ನೆನಪಿಗೆ ಅಲ್ಲಿ ಜಾಗವಿಲ್ಲ.

ಊರಿನ ಭವಿಷ್ಯದ ಪ್ರಶ್ನೆ ಈ ನೆನಪಿನ ಪ್ರಶ್ನೆಯೂ ಹೌದು. ಗಣಿಯಿಂದ ತೆಗೆದು, ಪುಡಿ ಮಾಡಿ, ಸುರಿದ ಮಣ್ಣು ಸಯನೈಡ್ ಗುಡ್ಡಗಳಾಗಿ ನಿಂತಿದೆ. ಗಾಳಿ ಬೀಸಿದರೆ ಅದರ ಧೂಳು ಲೈನುಗಳೊಳಗೆ ಬರುತ್ತದೆ. ಆ ಗುಡ್ಡಗಳಲ್ಲಿ ಇನ್ನೂ ಚಿನ್ನವಿದೆ ಎಂದು, ಸುಮಾರು ಸಾವಿರ ಎಕರೆಯಲ್ಲಿರುವ 13 ದಿಬ್ಬಗಳನ್ನು ಮತ್ತೆ ಸೋಸುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಟೆಂಡರು, ಕಂಪನಿ, ರಾಜಸ್ವದ ಮಾತು ನಡೆಯುತ್ತದೆ. ಧೂಳು ಕುಡಿದವರ ಪಾಲು ಎಷ್ಟು ಎಂಬ ಮಾತನ್ನು ಯಾರು ಎತ್ತುತ್ತಾರೆ?

ಚರಿತ್ರೆ ಬರೆಯುವವರ ಕೆಲಸ ಇಲ್ಲಿದೆ ಎಂದು ನನಗನ್ನಿಸುತ್ತದೆ. ಲೈನ್ ಮನೆಯ ನೆಲಕ್ಕೆ ಹಕ್ಕುಪತ್ರ, ದಿಬ್ಬದ ಚಿನ್ನದಲ್ಲಿ ಪಾಲು, ಸಿಲಿಕೋಸಿಸ್‌ಗೆ ಪರಿಹಾರ ಕೇಳಬೇಕಾದರೆ 'ನಾವು ಇಲ್ಲಿಯವರು' ಎಂದು ರುಜುವಾತು ಮಾಡಬೇಕಾಗುತ್ತದೆ. ಸರ್ಕಾರದ ಕಡತದಲ್ಲಿ ಅವರು ವಲಸೆಗಾರರು. ಮಸ್ಟರ್ ರೋಲು, ಸಂಘದ ರಸೀದಿ, ಬೌದ್ಧ ಸಂಘದ ಕರಪತ್ರ, ಸ್ಮಶಾನದ ಕಲ್ಲು, ಮುದುಕಿಯರ ನೆನಪು ಇವೆಲ್ಲ ದಾಖಲೆಗಳೇ. ಇವನ್ನು ತಮಿಳಿನಿಂದ ಕನ್ನಡಕ್ಕೆ ತರುವವರು ಬೇಕು. ಆ ಲೈನುಗಳಲ್ಲಿ ಎರಡೂ ಭಾಷೆ ಬಲ್ಲ ಹುಡುಗ ಹುಡುಗಿಯರು ಬೇಕಾದಷ್ಟು ಜನ ಇದ್ದಾರೆ. ಅವರು ಬೆಳಗಿನ ಜಾವದ ರೈಲಿನಲ್ಲಿ ನಿದ್ದೆಗಣ್ಣಲ್ಲಿ ನಿಂತಿದ್ದಾರೆ ಅಷ್ಟೆ.

ಆ ಹುಡುಗನಿಗೆ ನಾನು ಹಾಜರಿ ಪುಸ್ತಕದಲ್ಲಿ 'ಊರು: ಚಾಂಪಿಯನ್ ರೀಫ್' ಎಂದು ಬರೆದುಕೊಂಡೆ. ಅವನು ನೋಡಿ, 'ಲೈನ್ ನಂಬರೂ ಹಾಕಿ ಸಾರ್' ಎಂದ. ಹಾಕಿದೆ.