ಬೋರ್ಡೊ ಮಿಶ್ರಣವೂ ನಮ್ಮ ಅಕ್ಕಡಿ ಸಾಲೂ

ಬೋರ್ಡೊ ಎಂಬ ಹೆಸರು ನಮ್ಮ ರೈತರಿಗೆ ಪರಿಚಯವಾದದ್ದು ಮದ್ಯದಿಂದಲ್ಲ, ಬೆಳೆಯ ಔಷಧಿಯಿಂದ. ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿ ಮಾಡುವ ಬೋರ್ಡೊ ದ್ರಾವಣವನ್ನು ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುತ್ತಾರೆ. ೧೯೧೦ರ ಸುಮಾರಿನಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಅದನ್ನು ಅಡಿಕೆಗೆ ಅಳವಡಿಸಿದರು. ಆದರೆ ಅದು ಹುಟ್ಟಿದ್ದು ಫ್ರಾನ್ಸಿನ ಬೋರ್ಡೊ ಸೀಮೆಯ ದ್ರಾಕ್ಷಿ ತೋಟದಲ್ಲಿ. ದಾರಿಹೋಕರು ಹಣ್ಣು ಕದಿಯದಿರಲೆಂದು ಬಳ್ಳಿಗಳಿಗೆ ಎರಚಿದ್ದ ನೀಲಿ ಲೇಪವು ರೋಗವನ್ನೂ ತಡೆದುದನ್ನು ಗಮನಿಸಿದ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ೧೮೮೫ರಲ್ಲಿ ಅದನ್ನು ಪ್ರಕಟಿಸಿದ.

ಆ ಸೀಮೆಯ ಮತ್ತೊಂದು ಮಿಶ್ರಣ ಅಲ್ಲಿಯ ಕೆಂಪು ವೈನು. ಪಾನದ ಪ್ರಶಂಸೆ ನನ್ನ ಉದ್ದೇಶವಲ್ಲವೆಂದು ಬಂಧುಗಳೂ ಶಿಷ್ಯರೂ ಬಲ್ಲರು. ಈ ಮಿಶ್ರಣದ ಇತಿಹಾಸ ನಮ್ಮ ವಕ್ಕಲೇರಿ ಸೀಮೆಯ ಹೊಲಗಳನ್ನು ನೆನಪಿಗೆ ತಂದುದರಿಂದ ಇದನ್ನು ಬರೆಯುತ್ತಿದ್ದೇನೆ.

ಬೋರ್ಡೊ ವೈನು ಒಂದೇ ತಳಿಯ ದ್ರಾಕ್ಷಿಯಿಂದ ಆಗುವುದು ವಿರಳ. ನದಿಯ ಎಡದಂಡೆಯ ಮೆಡಾಕ್ ಪ್ರದೇಶದ್ದು ಗರಸು ನೆಲ. ಅಲ್ಲಿ ಕ್ಯಾಬರ್ನೆ ಸೊವಿನ್ಯೋ ಪ್ರಧಾನ. ಬಲದಂಡೆಯ ಸೇಂತ್ ಎಮಿಲಿಯೋ, ಪೊಮೆರೋಲ್‌ಗಳ ಜೇಡಿ ನೆಲಕ್ಕೆ ಮೆರ್ಲೋ ಒಗ್ಗುತ್ತದೆ. ಕ್ಯಾಬರ್ನೆ ದಪ್ಪ ಸಿಪ್ಪೆಯ ಸಣ್ಣ ಹಣ್ಣು; ನೇರಳೆ ತಿಂದಾಗ ನಾಲಿಗೆ ಹಿಡಿಯುವಂಥ ಒಗರು ಅದರದು. ವೈನಿಗೆ ಬಿಗಿಯನ್ನೂ ಬಹುಕಾಲ ಕೆಡದೆ ನಿಲ್ಲುವ ಶಕ್ತಿಯನ್ನೂ ಕೊಡುವುದು ಆ ಒಗರೇ. ಮೆರ್ಲೋ ಮೃದು, ಒಗರಿನ ಅಂಚನ್ನು ಸವೆಸಿ ಮೈತುಂಬಿಸುತ್ತದೆ. ಕ್ಯಾಬರ್ನೆ ಫ್ರಾಂಕ್ ಪರಿಮಳಕ್ಕೆ, ಪೆತಿ ವೆರ್ದೋ ಗಾಢ ಬಣ್ಣಕ್ಕೆ. ಓಕ್ ಮರದ ಪೀಪಾಯಿಯಲ್ಲೂ ಬಳಿಕ ಸೀಸೆಯಲ್ಲೂ ವರ್ಷಗಳು ಕಳೆದಂತೆ ಒಗರು ಹದಕ್ಕೆ ಬರುತ್ತದೆ. ಸಿಹಿಯಿಲ್ಲದಿರುವುದು, ಯಾವ ಗುಣವೂ ಇನ್ನೊಂದನ್ನು ತುಳಿಯದಿರುವುದು, ಇದೇ ಅದರ ಸ್ವಭಾವವೆನ್ನುತ್ತಾರೆ ಬಲ್ಲವರು.

ಈ ಸ್ವಭಾವದ ಬೇರು ರುಚಿಗಿಂತ ಹೆಚ್ಚಾಗಿ ರೈತನ ಭಯದಲ್ಲಿದೆ. ಬೋರ್ಡೊ ಕಡಲಿಗೆ ಹತ್ತಿರದ, ಹವೆ ನಂಬಲಾಗದ ಸೀಮೆ. ಮೆರ್ಲೋ ಬೇಗ ಚಿಗುರುವುದರಿಂದ ವಸಂತದ ಇಬ್ಬನಿಯ ಹೆಪ್ಪಿಗೆ ಸಿಕ್ಕಬಹುದು. ಕ್ಯಾಬರ್ನೆ ತಡವಾಗಿ ಹಣ್ಣಾಗುವುದರಿಂದ ಶರತ್ಕಾಲದ ಮಳೆಗೆ ಸಿಕ್ಕಬಹುದು. ಎರಡನ್ನೂ ನೆಟ್ಟವನಿಗೆ ಒಂದಾದರೂ ಕೈಹಿಡಿಯುತ್ತದೆ. ಆದ್ದರಿಂದಲೇ ತಳಿಗಳನ್ನು ಬೇರೆ ಬೇರೆಯಾಗಿ ಹುದುಗಿಸಿ, ಆಮೇಲೆ ರುಚಿ ನೋಡಿ ಬೆರೆಸುತ್ತಾರೆ. ಪ್ರಮಾಣ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.

ಮಿಶ್ರಣವೂ ಯುಗಯುಗಕ್ಕೆ ಬದಲಾಗಿದೆ. ೧೧೫೨ರಲ್ಲಿ ಅಕ್ವಿಟೇನಿನ ಎಲಿನಾರ್ ರಾಣಿ, ಮುಂದೆ ಇಂಗ್ಲೆಂಡಿನ ದೊರೆಯಾದ ಎರಡನೆಯ ಹೆನ್ರಿಯನ್ನು ವಿವಾಹವಾದ ಬಳಿಕ ಮೂರು ಶತಮಾನ, ೧೪೫೩ರವರೆಗೆ, ಬೋರ್ಡೊ ಇಂಗ್ಲಿಷರದಾಗಿತ್ತು. ಅವರು ಆಗ ಕುಡಿದದ್ದು ತಿಳಿಗೆಂಪು ವೈನು. ಹತ್ತೊಂಬತ್ತನೆಯ ಶತಮಾನದ ವರ್ತಕರು ತೆಳು ವೈನಿಗೆ ರೋನ್ ಕಣಿವೆಯ ಸಿರಾ ತಳಿಯ ವೈನನ್ನು ಬೆರೆಸಿ ಬಲ ತುಂಬುತ್ತಿದ್ದರು. ೧೮೬೦ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೀರುವ ಕೀಟ ಫ್ರಾನ್ಸಿನ ತೋಟಗಳನ್ನು ನಾಶಮಾಡಿತು; ಅಮೆರಿಕದ್ದೇ ಬೇರಿನ ಮೇಲೆ ಫ್ರೆಂಚ್ ಬಳ್ಳಿಯನ್ನು ಕಸಿ ಕಟ್ಟಿ ತೋಟಗಳನ್ನು ಮರಳಿ ಎಬ್ಬಿಸಿದರು. ಆ ಮರುನಾಟಿಯಲ್ಲಿ ಕಾರ್ಮೆನೇರ್ ಎಂಬ ತಳಿ ಬೋರ್ಡೊದಿಂದ ಬಹುತೇಕ ಮಾಯವಾಯಿತು. ೧೯೯೪ರಲ್ಲಿ ಅದು ಚಿಲಿ ದೇಶದಲ್ಲಿ ಮೆರ್ಲೋ ಎಂಬ ಹೆಸರಿನಡಿ ಬದುಕಿರುವುದು ಪತ್ತೆಯಾಯಿತು! ೧೯೩೬ರಲ್ಲಿ ಬೋರ್ಡೊ ಹೆಸರಿಗೆ ಕಾನೂನಿನ ಚೌಕಟ್ಟು ಬಂತು. ಹೊರಸೀಮೆಯ ವೈನು ಬೆರೆಸುವಂತಿಲ್ಲವಾಯಿತು. ೨೦೨೧ರಲ್ಲಿ ಬಿಸಿಯೇರುತ್ತಿರುವ ಹವೆಯನ್ನು ಕಂಡು ನಾಲ್ಕು ಹೊಸ ಕೆಂಪು ತಳಿಗಳಿಗೆ ಅನುಮತಿ ನೀಡಿದರು. ಆದರೆ ಮಿಶ್ರಣದಲ್ಲಿ ಶೇಕಡ ೧೦ ಮೀರಬಾರದು. ನಿಯಮವೂ ಉಳಿಯಿತು, ಬದಲಾವಣೆಗೂ ಬಾಗಿಲು ತೆರೆಯಿತು.

ನಮ್ಮ ಸೀಮೆಗೂ ಆ ಮಿಶ್ರಣದ ಒಂದು ಎಳೆ ತಲುಪಿದೆ. ನಂದಿಬೆಟ್ಟದ ಬುಡದ ದೊಡ್ಡಬಳ್ಳಾಪುರದಲ್ಲಿ ಕಂವಲ್ ಗ್ರೋವರ್ ಅವರು ೧೯೮೦ರ ದಶಕದಲ್ಲಿ ಫ್ರೆಂಚ್ ತಜ್ಞರ ನೆರವಿನಿಂದ ತೋಟ ಆರಂಭಿಸಿದರು. ಅಲ್ಲಿಯ 'ಲಾ ರಿಸರ್ವ್' ಕ್ಯಾಬರ್ನೆ ಮತ್ತು ಶಿರಾಜ್ ತಳಿಗಳ ಮಿಶ್ರಣ. ಬೋರ್ಡೊದ ಮಿಶೆಲ್ ರೋಲಾಂ ಅದಕ್ಕೆ ಸಲಹೆಗಾರರಾಗಿದ್ದರು. ಶಿರಾಜ್ ಎಂದರೆ ಸಿರಾ ತಳಿಯೇ. ಬೋರ್ಡೊದಲ್ಲಿ ನಿಷಿದ್ಧವಾದ ಹಳೆಯ ಜೋಡಿ ನಂದಿಯ ತಪ್ಪಲಲ್ಲಿ ಮತ್ತೆ ಕೂಡಿತು.

ಈಗ ನಮ್ಮ ಹೊಲಕ್ಕೆ ಬರೋಣ. ವಕ್ಕಲೇರಿ ಎಂದೊಡನೆ ಇತಿಹಾಸಕಾರರು ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನ ಕ್ರಿ.ಶ. ೭೫೭ರ ತಾಮ್ರಶಾಸನವನ್ನು ನೆನೆಯುತ್ತಾರೆ. ದಾನಕೊಟ್ಟ ದೊರೆಯ ಹೆಸರು ಹೀಗೆ ತಾಮ್ರದಲ್ಲಿ ಉಳಿಯಿತು. ಬಿತ್ತಿದವನ ಕ್ರಮಕ್ಕೆ ಶಾಸನವಿಲ್ಲ. ಈ ಕೆಮ್ಮಣ್ಣಿನ ಖುಷ್ಕಿಯಲ್ಲಿ ನಮ್ಮ ಹಿರಿಯರು ರಾಗಿಯೊಂದನ್ನೇ ಬಿತ್ತಲಿಲ್ಲ. ನಡುನಡುವೆ ಅಕ್ಕಡಿ ಸಾಲು ಹಿಡಿದು ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದರು. ಮುಂಗಾರು ಕೈಕೊಟ್ಟು ರಾಗಿ ಸೊರಗಿದರೂ ಆಳಕ್ಕೆ ಬೇರು ಬಿಡುವ ತೊಗರಿ ನಿಲ್ಲುತ್ತಿತ್ತು. ಮಾಗಿಯ ಮಂಜಿಗೆ ಅವರೆ ಸೊನೆಯೇರಿ ಕಾಯಿ ಕಚ್ಚುತ್ತಿತ್ತು. ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತಿತ್ತು. ರಾಗಿಮುದ್ದೆಗೆ ಅವರೆಕಾಳಿನ ಸಾರು ಒದಗಿದ್ದೂ ಅದೇ ಹೊಲದಿಂದ. ಮೆರ್ಲೋ ಕ್ಯಾಬರ್ನೆಗಳ ತತ್ತ್ವವೂ ಇದೇ ಅಲ್ಲವೇ?

ವ್ಯತ್ಯಾಸವಿಷ್ಟೇ: ಅವರು ತಮ್ಮ ಮಿಶ್ರಣವನ್ನು ಬರೆದಿಟ್ಟರು, ಕಾನೂನಿನಿಂದ ಕಾದರು, ಅದಕ್ಕೆ ಬೆಲೆ ಪಡೆದರು. ನಮ್ಮದು ಮಾತಿನಲ್ಲೇ ಉಳಿಯಿತು. ನೀಲಗಿರಿ ತೋಪುಗಳೂ, ಕೊಳವೆಬಾವಿಯ ನೀರಿಗೆ ಬೆಳೆಯುವ ಒಂಟಿ ಟೊಮೇಟೊವೂ ಹೊಲವನ್ನು ಆವರಿಸಿದಂತೆ ಆ ಸಾಲುಗಳು ವಿರಳವಾದವು. ಟೊಮೇಟೊ ಬೆಲೆ ಕುಸಿದ ವರ್ಷ ಆಸರೆಯಾಗಲು ಪಕ್ಕದಲ್ಲಿ ಇನ್ನೊಂದು ಸಾಲಿಲ್ಲ.

ಊರಿನಲ್ಲಿ ಇನ್ನೂ ಬೇಸಾಯ ಬಲ್ಲ ಹಿರಿಯರಿದ್ದಾರೆ. ಎಷ್ಟು ಸಾಲು ರಾಗಿಗೆ ಎಷ್ಟು ಅಕ್ಕಡಿ, ಯಾವ ಮಣ್ಣಿಗೆ ಯಾವ ಕಾಳು, ಯಾವ ಮಳೆಗೆ ಬಿತ್ತನೆ ಎಂದು ಅವರನ್ನು ಕೇಳಿ ಬರೆದಿಡಿ. ನನ್ನ ಶಿಷ್ಯರಲ್ಲಿ ಒಬ್ಬರಾದರೂ ಈ ಕೆಲಸಕ್ಕೆ ತೊಡಗಿದರೆ, ಇತಿಹಾಸ ಕಲಿಸಿದ್ದಕ್ಕೆ ಅದೇ ನನಗೆ ಗುರುದಕ್ಷಿಣೆ.