ಎಲೆಗೊಂದು ನ್ಯಾಯ, ಹೂವಿಗೊಂದು ನ್ಯಾಯ

ಗಿಡ ಒಂದೇ. ಅದರ ಹೂಗೊಂಚಲು ಗಾಂಜಾ, ಅಂಟು ಚರಸ್, ಎಲೆ ಭಾಂಗ್. ಕನ್ನಡದ ಬಾಯಲ್ಲಿ ಇದೇ ಭಂಗಿಸೊಪ್ಪು. ಕಾಶಿಯಲ್ಲಿ ಈ ಎಲೆಯನ್ನು ತೊಳೆದು, ಕಲ್ಲಿನ ಮೇಲೆ ನುಣ್ಣಗೆ ಅರೆದು, ಉಂಡೆ ಕಟ್ಟಿ, ಬಾದಾಮಿ, ಸೋಂಪು, ಕಾಳುಮೆಣಸು ಬಿದ್ದ ಠಂಡಾಯಿಗೆ ಕದಡುತ್ತಾರೆ. ತುಪ್ಪ, ಸಕ್ಕರೆ ಸೇರಿಸಿ ಮಿಠಾಯಿ ಮಾಡಿದರೆ ಮಾಜೂನು. ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ ಹೂವು ಮಾರಿದವನಿಗೆ ಜೈಲು, ಎಲೆ ಮಾರುವವನಿಗೆ ಅಬಕಾರಿ ಇಲಾಖೆಯ ಪರವಾನಗಿ. ಜೈಸಲ್ಮೇರ್ ಕೋಟೆಯ ಬಾಗಿಲ ಬಳಿಯ ಭಾಂಗ್ ಅಂಗಡಿ ಸರ್ಕಾರದ ಅನುಮತಿಯ ಫಲಕ ಹೊತ್ತೇ ವ್ಯಾಪಾರ ಮಾಡುತ್ತದೆ.

ಪರವಾನಗಿಯ ಕಥೆ ಹಳೆಯದು. ಕಲೆಕ್ಟರರ ಅಪ್ಪಣೆಯಿಲ್ಲದೆ ಭಾಂಗ್, ಗಾಂಜಾ, ಚರಸ್‌ಗಳನ್ನು ತಯಾರಿಸಬಾರದು, ಮಾರಬಾರದು ಎಂದು ಈಸ್ಟ್ ಇಂಡಿಯಾ ಕಂಪನಿ 1793ರಲ್ಲೇ ಬಂಗಾಳದಲ್ಲಿ ಕಟ್ಟಳೆ ಮಾಡಿತ್ತು.

ನೂರು ವರ್ಷದ ನಂತರ ಇಂಗ್ಲೆಂಡಿನ ಸಂಸತ್ತಿನಲ್ಲಿ ಪ್ರಶ್ನೆ ಎದ್ದಿತು: ಈ ಸೊಪ್ಪು ಭಾರತೀಯರನ್ನು ಹುಚ್ಚರನ್ನಾಗಿ ಮಾಡುತ್ತಿದೆಯೇ? ಉತ್ತರ ಹುಡುಕಲು 1893ರಲ್ಲಿ ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ನೇತೃತ್ವದಲ್ಲಿ ಏಳು ಜನರ ಆಯೋಗ ರಚನೆಯಾಯಿತು. ಅದರಲ್ಲಿ ಮೂವರು ಭಾರತೀಯರು. ಆಯೋಗ ಊರೂರು ಸುತ್ತಿ 1,193 ಸಾಕ್ಷಿಗಳ ಹೇಳಿಕೆ ಪಡೆಯಿತು. ವೈದ್ಯರು, ಅಧಿಕಾರಿಗಳ ಜೊತೆಗೆ ಬೆಳೆಯುವವರನ್ನೂ ಮಾರುವವರನ್ನೂ ಕೇಳಿತು. ಹುಚ್ಚಾಸ್ಪತ್ರೆಗಳ ದಾಖಲೆಗಳಲ್ಲಿ ಭಂಗಿಯ ಹೆಸರಿಗೆ ಬರೆದಿದ್ದ ಪ್ರಕರಣಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದಾಗ ಅರ್ಧಕ್ಕೂ ಹೆಚ್ಚು ನಿಲ್ಲಲಿಲ್ಲ. ಶಿವರಾತ್ರಿ, ಹೋಳಿ, ವಿಜಯದಶಮಿಯಂದು ಮನೆಮಂದಿ ಕುಡಿಯುವ ಭಾಂಗ್ ಬೇರೆ, ಚಿಲುಮೆಯ ಗಾಂಜಾ ಬೇರೆ ಎಂಬುದನ್ನೂ ಅದು ಅರಿಯಿತು. 1894ರ ವರದಿ ಹೇಳಿದ್ದಿಷ್ಟು: ಮಿತವಾದ ಬಳಕೆಯಿಂದ ದೊಡ್ಡ ಹಾನಿಯಿಲ್ಲ, ಅತಿಯಾದರೆ ಕೇಡು, ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಯಿಂದ ಹಿಡಿತದಲ್ಲಿಡಿ. ವಸಾಹತು ಸರ್ಕಾರಕ್ಕೆ ಬೇಕಾಗಿದ್ದ ಸುಂಕ ಇದರ ಹಿಂದೆ ಇತ್ತು, ನಿಜ. ಆದರೂ ಜನರನ್ನು ಕೇಳಿ ಕಾನೂನು ಮಾಡುವ ಇಷ್ಟು ತಾಳ್ಮೆಯನ್ನು ಮಾದಕವಸ್ತುಗಳ ವಿಷಯದಲ್ಲಿ ಆಮೇಲಿನ ಸರ್ಕಾರಗಳು ತೋರಿದ್ದು ಅಪರೂಪ.

ಮಾದಕವಸ್ತುಗಳ ಕುರಿತ 1961ರ ಅಂತರರಾಷ್ಟ್ರೀಯ ಒಪ್ಪಂದ ಗಾಂಜಾ, ಚರಸ್‌ಗಳನ್ನು ಬಿಗಿಯಿತು. ಆದರೆ ಅದರ ವ್ಯಾಖ್ಯೆಯಲ್ಲಿ ಗೊಂಚಲಿನಿಂದ ಬೇರೆಯಾದ ಬೀಜ, ಎಲೆ ಹೊರಗುಳಿದವು. ಭಾರತದ 1985ರ ಮಾದಕವಸ್ತು ಕಾಯ್ದೆಯಾದ ಎನ್‌ಡಿಪಿಎಸ್ ಅದೇ ಗೆರೆಯನ್ನು ಉಳಿಸಿಕೊಂಡಿತು. ಎಲೆಯ ಹೊಣೆ ರಾಜ್ಯಗಳ ಪಾಲಿಗೇ ಉಳಿಯಿತು. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ: ಕಾಶಿಯಲ್ಲಿ ಪರವಾನಗಿಯ ಅಂಗಡಿಯಲ್ಲಿ ಸಿಗುವ ಭಾಂಗನ್ನು ಅಸ್ಸಾಂ 1958ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿತ್ತು.

ಈ ಗೆರೆ ಬೆಂಗಳೂರಿಗೂ ಬಂತು. 2022ರಲ್ಲಿ ನಗರದ ಪೊಲೀಸರು 29 ಕಿಲೋ ಭಾಂಗ್ ಮತ್ತು 400 ಗ್ರಾಂ ಗಾಂಜಾ ಇಟ್ಟುಕೊಂಡಿದ್ದವನೊಬ್ಬನನ್ನು ಬಂಧಿಸಿದರು. ಎನ್‌ಡಿಪಿಎಸ್ ಕಾಯ್ದೆಯಲ್ಲಿ ಭಾಂಗ್ ಎಂಬ ಹೆಸರೇ ಇಲ್ಲ ಎಂದು ಹೈಕೋರ್ಟ್ ಗಮನಿಸಿತು. ವಶಪಡಿಸಿಕೊಂಡ ಭಾಂಗನ್ನು ಗಾಂಜಾ ಅಥವಾ ಚರಸ್‌ನಿಂದ ಮಾಡಿದ್ದೆಂದು ತೋರಿಸುವ ಪ್ರಯೋಗಾಲಯದ ವರದಿ ನ್ಯಾಯಾಲಯದ ಮುಂದಿರಲಿಲ್ಲ. ಗಾಂಜಾ ವಾಣಿಜ್ಯ ಪ್ರಮಾಣದ್ದಾಗಿರಲಿಲ್ಲ. ಆರೋಪಿಗೆ ಜಾಮೀನು ಸಿಕ್ಕಿತು. ಅದು ಜಾಮೀನಿನ ಆದೇಶ ಮಾತ್ರ. ಕರ್ನಾಟಕದಲ್ಲಿ ಭಾಂಗ್ ಮಾರಲು ಕೊಟ್ಟ ಅನುಮತಿಯಲ್ಲ.